ಭರಣಿಯಲ್ಲಿ ಕರಗಿದ ಬೋಲ್ಟು

ಮೂರನೇ ತಿರುವಿನಲ್ಲಿ ಜೀಪು ಮತ್ತೆ ಕುದಿಯಿತು. ಸೊಸೆ ಇಂಜಿನ್ ಆರಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿದಳು. ನೀರಿನ ಪಂಪಿನ ಕೆಳಗಿನಿಂದ ಬಿಸಿನೀರು ದಾರದ ಎಳೆಯಂತೆ ಇಳಿಯುತ್ತಿತ್ತು. ಹಿಂದಿನ ಸೀಟು ತೆಗೆದ ಜಾಗದಲ್ಲಿ ನಲವತ್ತು ಜನರ ಊಟವಿತ್ತು. ಗುಡ್ಡದ ನೆತ್ತಿಯಲ್ಲಿ ವಿದ್ಯುತ್ ಗೋಪುರ ನಿಲ್ಲಿಸುತ್ತಿದ್ದ ಆ ನಲವತ್ತು ಜನ ಹಸಿದು ಕೂತಿದ್ದರು. ಇಂಜಿನ್ ತಣಿಸಿ, ನೀರು ತುಂಬಿಸಿ, ಮೇಲೆ ಹತ್ತಿಸುವ ಹೊತ್ತಿಗೆ ಒಂದೂಮುಕ್ಕಾಲಾಯಿತು.

"ಡ್ರೈವರಮ್ಮ, ಅನ್ನ ತಣ್ಣಗಿದ್ರೂ ನಡೆಯುತ್ತೆ," ಎಂದ ಮೇಸ್ತ್ರಿ. "ಹೊತ್ತು ಮೀರಿದ್ರೆ ಮಾತ್ರ ಇವ್ರು ನನ್ನನ್ನೇ ತಿಂತಾರೆ."

"ನಿಮ್ಮಲ್ಲಿ ಮೂಳೆ ಬಿಟ್ರೆ ಏನಿದೆ? ಅವರಿಗೆ ಸಾಲಲ್ಲ," ಎಂದು ನಗುತ್ತಲೇ ಅವಳು ಬಡಿಸಲು ನಿಂತಳು. ಮೇಸ್ತ್ರಿ ನಗಲಿಲ್ಲ. ಒಂದು ತಿಂಗಳೊಳಗೆ ಇದು ನಾಲ್ಕನೇ ಸಲ.

ಆ ಮನೆ ನಡೆಯುತ್ತಿದ್ದುದು ಈ ಊಟದ ಮೇಲೆ. ಬೆಳಗಿನ ಐದಕ್ಕೆ ಅತ್ತೆ, ಸೊಸೆ ಇಬ್ಬರೂ ಒಲೆ ಹಚ್ಚುತ್ತಿದ್ದರು. ಹನ್ನೊಂದಕ್ಕೆ ಸೊಸೆ ಪಾತ್ರೆಗಳನ್ನು ಜೀಪಿಗೆ ಏರಿಸುತ್ತಿದ್ದಳು. ಗುಡ್ಡದ ದಾರಿ ಬರೀ ಬಂಡೆ; ನಾಲ್ಕು ಚಕ್ರವೂ ಎಳೆಯುವ ಗಾಡಿ ಬಿಟ್ಟು ಬೇರೆ ಯಾವುದೂ ಅಲ್ಲಿ ಏರುತ್ತಿರಲಿಲ್ಲ. ಜೀಪಿಗೆ ಅವಳಿಗಿಂತ ಹೆಚ್ಚು ವಯಸ್ಸಾಗಿತ್ತು. ಗಂಡ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವನು. ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಬಲಗೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದ್ದರು. ದುರಸ್ತಿಗೆ ಬಂದ ಪ್ರತಿ ಗಡಿಯಾರದ ಮುಚ್ಚಳದ ಒಳಬದಿಯಲ್ಲಿ ಅವರು ಸೂಜಿಮೊನೆಯಿಂದ ತಾರೀಖು ಗೀಚಿ, ಪಕ್ಕದಲ್ಲಿ ಒಂದು ಪುಟ್ಟ ವೃತ್ತ ಹಾಕುತ್ತಿದ್ದರು. ಮುಂದೆ ಬಿಚ್ಚುವವನಿಗೆ ಹಿಂದೆ ಬಿಚ್ಚಿದವನು ಯಾರೆಂದು ತಿಳಿಯಬೇಕು ಎನ್ನುವುದು ಅವರ ನಿಯಮ.

ಗ್ಯಾರೇಜಿನ ಯಜಮಾನ ಜೀಪಿನ ಕೆಳಗೆ ತೂರಿ ಹೊರಬಂದು ಕೈ ಒರೆಸಿಕೊಂಡ.

"ಪಂಪಿನಲ್ಲಿ ನೀರು ತಡೆಯೋ ಸೀಲು ಹೋಗಿದೆ. ಸೀಲು ಏನು, ಎರಡು ಟೀ ದುಡ್ಡು. ಆದ್ರೆ ಅಲ್ಲಿಗೆ ಕೈ ಹೋಗ್ಬೇಕಲ್ಲ."

ಪಂಪಿಗೆ ಬಾಗಿದ ಪೈಪೊಂದನ್ನು ಮೂರು ಬೋಲ್ಟುಗಳು ಹಿಡಿದಿದ್ದವು. ಮೊದಲನೆಯದು ಕಿರುಗುಟ್ಟುತ್ತ ಬಂತು. ಎರಡನೆಯದರ ತಲೆ "ಟಕ್" ಎಂದು ಸ್ಪ್ಯಾನರಿನಲ್ಲೇ ಉಳಿಯಿತು. ಮೂರನೆಯದೂ ಅದೇ ದಾರಿ ಹಿಡಿಯಿತು. ಎರಡು ತುಂಡುಗಳು ಪಂಪಿನ ಮೈಯೊಳಗೇ ಕೂತುಬಿಟ್ಟವು. ಯಜಮಾನ ಕೈ ನಿಲ್ಲಿಸಿದ.

"ಇನ್ನು ನಾಲ್ಕು ಉದ್ದದ ಬೋಲ್ಟು ಪಂಪು ದಾಟಿ ಇಂಜಿನ್ನಿಗೆ ಹೋಗ್ತವೆ. ಅವೂ ಹೀಗೇ ಮುರಿದ್ರೆ ಇಂಜಿನ್ ಇಳಿಸ್ಬೇಕು. ಈ ಪಂಪು ಈಗ ಯಾರೂ ಮಾಡ್ತಿಲ್ಲ. ಬೇರೆ ಇಂಜಿನ್ನೇ ಕೂರ್ಸಿಬಿಡಿ, ತಲೆನೋವು ತಪ್ಪುತ್ತೆ."

ಅವನು ಹೇಳಿದ ಮೊತ್ತ ನಾಲ್ಕು ತಿಂಗಳ ಊಟದಲ್ಲಿ ಉಳಿಯುವುದಕ್ಕೆ ಸಮ.

"ಯಾಕೆ ಹೀಗೆ ಕಚ್ಕೊಂಡಿವೆ?" ಎಂದು ಸೊಸೆ ಕೇಳಿದಳು.

"ಬೋಲ್ಟು ಉಕ್ಕು, ಪಂಪು ಅಲ್ಯೂಮಿನಿಯಂ. ಮಧ್ಯೆ ಗ್ರೀಸ್ ಇಲ್ದಿದ್ರೆ ಸ್ವಲ್ಪ ತೇವ ಸಿಕ್ರೂ ಸಾಕು, ಒಂದನ್ನೊಂದು ಬಿಡಲ್ಲ. ಯಾವನೋ ಪುಣ್ಯಾತ್ಮ ಒಣಗಿಸಿ ಹಾಕಿರ್ಬೇಕು. ಇಲ್ಲ, ನೀವು ಬರೀ ನಲ್ಲಿ ನೀರು ತುಂಬಿ ತುಂಬಿ ಹೀಗಾಗಿರ್ಬೇಕು."

"ನಿಧಾನವಾಗಿ ಬಿಚ್ಚಿದ್ರೆ ಬರಲ್ವಾ?"

"ನಿಧಾನಕ್ಕೆ ಯಾರೂ ದುಡ್ಡು ಕೊಡಲ್ಲಮ್ಮ. ಹೊರಗೆ ನೋಡಿ, ಐದು ಗಾಡಿ ಬಾಯಿ ಬಿಟ್ಕೊಂಡು ನಿಂತಿವೆ." ಅವನ ಮಾತಿನಲ್ಲಿ ಕಪಟವಿರಲಿಲ್ಲ. ಮುರಿದ ಎರಡು ಬೋಲ್ಟಿಗೆ ಕೂಲಿಯನ್ನೂ ಅವನು ತೆಗೆದುಕೊಳ್ಳಲಿಲ್ಲ.

ಅಂದು ಸಂಜೆ ರೊಟ್ಟಿಯ ಜೊತೆ ಜಗಳವನ್ನೂ ಬಡಿಸಿದಂತಾಯಿತು.

"ಗುಜರಿಗೆ ಹಾಕೋಣ," ಎಂದ ಗಂಡ. "ತೂಕಕ್ಕಾದ್ರೂ ಹೋಗುತ್ತೆ."

"ಆಮೇಲೆ ಊಟ ಹೇಗ್ರೀ ಹೋಗುತ್ತೆ? ನಿಮ್ಮ ತಲೆ ಮೇಲಾ?"

"ನಲ್ಲಿ ನೀರು ಒಳ್ಳೇದಲ್ಲ ಅಂತ ಬಡ್ಕೊಂಡೆ," ಅತ್ತೆ ಬಾಯಿ ಹಾಕಿದರು. "ನನ್ನ ಮಾತು ಯಾರಿಗೆ ಬೇಕು?"

"ನೀವು ಹೇಳಿದ್ದು ಬಟ್ಟೆ ನೆನೆಸೋ ನೀರಿಗೆ ಅತ್ತೆ."

"ನೀರು ನೀರೇ! ಬಟ್ಟೇನೇ ಹಾಳು ಮಾಡೋ ನೀರು ಕಬ್ಬಿಣಾನ ಬಿಡುತ್ತಾ?"

ಈ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಅಷ್ಟು ಹೊತ್ತು ರೊಟ್ಟಿಯನ್ನು ನಾಲ್ಕು ಸಮಭಾಗ ಮಾಡುತ್ತಿದ್ದ ಮಾವ ತಲೆ ಎತ್ತಿದರು.

"ಮುರಿದ ಬೋಲ್ಟಿನ ಮೇಲೆ ಬಿಳಿ ಪುಡಿ ಇತ್ತೇನಮ್ಮ?"

"ಇತ್ತು ಮಾವ. ಸುಣ್ಣದ ಹಾಗೆ."

"ಹಾಗಾದ್ರೆ ಬಿಚ್ಬಹುದು. ಹೊತ್ತು ಬೇಕು."

"ಎಷ್ಟು ಹೊತ್ತು?"

"ಅದನ್ನ ಬೋಲ್ಟು ಹೇಳ್ಬೇಕು. ನಾನ್ಯಾರು?"

ಮರುದಿನ ಅವಳು ಮೇಸ್ತ್ರಿಯ ಹತ್ತಿರ ಮಾತಾಡಿದಳು. ಬಾಡಿಗೆ ಆಟೋದಲ್ಲಿ ಊಟವನ್ನು ಗುಡ್ಡದ ಬುಡಕ್ಕೆ ತರುವುದು. ಅಲ್ಲಿಂದ ಅವಳೂ ಇಬ್ಬರು ಕೆಲಸಗಾರರೂ ಹೊತ್ತು ಮೇಲೆ ತಲುಪಿಸುವುದು. "ತಿಂಗಳ ಕೊನೆವರೆಗೆ," ಎಂದ ಮೇಸ್ತ್ರಿ. "ಆಮೇಲೂ ಹೀಗೇ ಆದ್ರೆ ಪೇಟೆ ಹೋಟೆಲಿನವರ ಪೊಟ್ಟಣ ತರ್ಸ್ತೀನಿ. ನನ್ನ ಮೇಲೆ ಬೇಜಾರಾಗ್ಬೇಡಿ." ಅಂದರೆ ಇಪ್ಪತ್ತಾರು ದಿನ.

ಜೀಪನ್ನು ಎಳೆಸಿ ತಂದು ಅಡುಗೆಮನೆಯ ಕಿಟಕಿಯ ಪಕ್ಕ ನಿಲ್ಲಿಸಿದರು. ಸೊಸೆ ಮಧ್ಯಾಹ್ನ ಮೂರೂವರೆಗೆ ಹಿಂತಿರುಗಿ, ಪಾತ್ರೆ ತೊಳೆದು, ನಾಲ್ಕೂವರೆಗೆ ಬಾನೆಟ್ಟಿನ ಮುಂದೆ ನಿಲ್ಲುತ್ತಿದ್ದಳು. ಮಾವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಅವರ ಕೈಗೆ ಸ್ಪ್ಯಾನರ್ ನಿಲ್ಲುತ್ತಿರಲಿಲ್ಲ. ಕಿವಿ ಮಾತ್ರ ಇನ್ನೂ ಗಡಿಯಾರದವರದೇ.

ಕೆಲಸದ ಕ್ರಮ ದಿನವೂ ಒಂದೇ. ಮೊದಲು ಪ್ರತಿ ಬೋಲ್ಟಿನ ಬುಡಕ್ಕೆ ಎರಡು ಹನಿ ತೆಳು ಎಣ್ಣೆ. ನಂತರ ಚಿಕ್ಕ ಸುತ್ತಿಗೆಯಿಂದ ತಲೆಯ ಮೇಲೆ ಮೂವತ್ತು ಪೆಟ್ಟು, ಬಾಗಿಲು ತಟ್ಟುವಷ್ಟೇ ಬಲದಲ್ಲಿ. ದಿನ ಬಿಟ್ಟು ದಿನ ಎಣ್ಣೆಯನ್ನು ಪೂರ್ತಿ ಒರೆಸಿ, ಉರಿ ಊದುವ ಬ್ಲೋ ಲ್ಯಾಂಪಿನಿಂದ ಬೋಲ್ಟಿನ ಸುತ್ತ ಕಾಯಿಸಿ, ಬಿಸಿ ಇರುವಾಗಲೇ ಮೇಣದಬತ್ತಿ ಮುಟ್ಟಿಸುವುದು. ಕರಗಿದ ಮೇಣ ಕೂದಲೆಳೆಯಂಥ ಸಂದಿನೊಳಗೂ ತಾನಾಗಿ ಇಳಿಯುತ್ತದೆ. ಕೊನೆಗೆ ಸ್ಪ್ಯಾನರ್ ಹಾಕಿ, ಬಿಚ್ಚುವ ಮೊದಲು ಒಂದಿಷ್ಟು ಬಿಗಿ ಮಾಡಿ ನೋಡುವುದು.

"ಬಿಗಿ ಮಾಡೋದಾ?" ಮೊದಲ ದಿನ ಅವಳು ಕೇಳಿದ್ದಳು.

"ಹೂಂ. ಎಡಕ್ಕೇ ಎಳೆದ್ರೆ ಅದು ಹಟ ಹಿಡಿಯುತ್ತೆ. ಬಲಕ್ಕೊಂದು ಚೂರು, ಎಡಕ್ಕೊಂದು ಚೂರು. ಒಳಗಿನ ಪುಡಿ ಬಿರುಕು ಬಿಡ್ಬೇಕು, ಬೋಲ್ಟಲ್ಲ."

ಪೆಟ್ಟು ಬೀಳುವಾಗ ಮಾವ ಅತ್ತೆಯ ಮರದ ಸೌಟಿನ ಹಿಡಿಯನ್ನು ಬೋಲ್ಟಿನ ಪಕ್ಕಕ್ಕೆ ಒತ್ತಿ, ಬಟ್ಟಲಿನ ಕಡೆಯನ್ನು ಕಿವಿಗೆ ಕೊಟ್ಟು ಕೇಳುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ನೆರೆಯವನು ನಿಂತು ನೋಡಿದ.

"ಏನ್ ಸ್ವಾಮಿ, ಜೀಪು ಏನಂತಿದೆ?"

"ಸೊಸೆ ಕಾಟ ತಡೆಯೋಕಾಗ್ತಿಲ್ಲ ಅಂತಿದೆ."

ಒಳಗಿನಿಂದ ಅತ್ತೆಯ ದನಿ ಬಂತು: "ಆ ಸೌಟು ಇನ್ನು ನನ್ನ ಅಡುಗೆಮನೆಗೆ ಬರೋ ಹಾಗಿಲ್ಲ! ಡೀಸೆಲ್ ವಾಸನೆ!"

ಆರನೇ ದಿನ ಗಂಡನ ತಾಳ್ಮೆ ಮುಗಿಯಿತು. ಸ್ಪ್ಯಾನರಿನ ಹಿಡಿಗೆ ಮೊಳದುದ್ದದ ಪೈಪು ತೂರಿಸಿ ಮೈಭಾರ ಹಾಕಲು ನಿಂತ.

"ಲೋ, ಕೈ ತೆಗಿ!" ಮಾವ ಸ್ಟೂಲಿನಿಂದ ಎದ್ದೇಬಿಟ್ಟರು. "ನಿನ್ನಂಥ ಬಲ ಇರೋರು ಅಂಗಡಿಗೆ ಬಂದ್ರೆ ನನಗೆ ಯಾವಾಗ್ಲೂ ಎರಡು ಕೆಲಸ. ಗಡಿಯಾರ ಕೆಟ್ಟದ್ದು ಒಂದು, ಅವರು ಸರಿ ಮಾಡಿದ್ದು ಇನ್ನೊಂದು."

"ಮತ್ತೆ ನಾನೇನು ಮಾಡ್ಲಿ ಅಪ್ಪ? ಕೈ ಕಟ್ಕೊಂಡು ನಿಂತಿರ್ಲಾ?"

"ಪಾತ್ರೆ ತೊಳೀರಿ," ಎಂದಳು ಸೊಸೆ, ಬೋಲ್ಟಿನಿಂದ ಕಣ್ಣು ತೆಗೆಯದೆ. "ಆಗ ನನಗೆ ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚು ಸಿಗುತ್ತೆ."

ಗಂಡ ಗೊಣಗಿದ. ಆದರೆ ಮರುದಿನದಿಂದ ಬೆಳಗಿನ ಪಾಳಿ ಕೇಳಿ ಪಡೆದುಕೊಂಡ. ನಲವತ್ತು ಜನರ ಅನ್ನದ ಪಾತ್ರೆಯ ತಳ ಉಜ್ಜುವುದು ಎಂಥ ಕೆಲಸವೆಂದು ಅವನಿಗೆ ತಿಳಿದದ್ದು ಆಗಲೇ. "ಇದರ ತಳ ಹಿಡಿದದ್ದನ್ನ ಬಿಡಿಸೋದಕ್ಕಿಂತ ಬೋಲ್ಟೇ ವಾಸಿ," ಎಂದು ಅವನು ನಲ್ಲಿಯ ಬಳಿಯಿಂದ ಕೂಗಿದಾಗ ಅತ್ತೆ ಮೊದಲ ಬಾರಿ ನಕ್ಕರು.

ಒಂಬತ್ತನೇ ದಿನ, ಹದಿನೇಳನೇ ಪೆಟ್ಟಿಗೆ ಮಾವ ಕೈ ಎತ್ತಿದರು.

"ತಡಿ. ಸದ್ದು ಬದಲಾಯ್ತು. ಬಲಕ್ಕೊಂದು ಚೂರು ಕೊಡು."

ಅವಳು ಕೊಟ್ಟಳು. ಗಡಿಯಾರದ ಮುಳ್ಳು ಒಂದು ನಿಮಿಷ ದಾಟುವಷ್ಟು ಬೋಲ್ಟು ಅಲುಗಿತು. ಎಡಕ್ಕೆ ಅಷ್ಟೇ. ಎಣ್ಣೆ. ಮತ್ತೆ ಬಲಕ್ಕೆ. ಒಂದು ಪೂರ್ತಿ ಸುತ್ತು ಬರಲು ಒಂದೂಕಾಲು ಗಂಟೆ ಹಿಡಿಯಿತು. ಒಮ್ಮೆಯೂ ಅವಳು ಅವಸರ ಮಾಡಲಿಲ್ಲ. ಒಮ್ಮೆ ಮಾತ್ರ ಬೆವರು ಒರೆಸಿಕೊಳ್ಳಲು ನಿಂತಾಗ ಅವಳ ಅಂಗೈಯಲ್ಲಿ ಎದ್ದಿದ್ದ ಬೊಬ್ಬೆಗಳು ಕಿಟಕಿಯಲ್ಲಿ ನಿಂತಿದ್ದ ಅತ್ತೆಗೆ ಕಂಡವು. ಆ ಸಂಜೆಯ ಹಿಟ್ಟನ್ನು ಅತ್ತೆ ತಾವೇ ನಾದಿಕೊಂಡರು. ಬಾಯಲ್ಲಿ ಮಾತ್ರ, "ನೀನು ನಾದಿದ್ರೆ ರೊಟ್ಟಿ ಗ್ರೀಸ್ ವಾಸನೆ ಬರುತ್ತೆ," ಎಂದರು.

ಹದಿನಾಲ್ಕನೇ ದಿನ ನಾಲ್ಕನೆಯ ಬೋಲ್ಟೂ ಬಂತು. ಒಂದೂ ಮುರಿದಿರಲಿಲ್ಲ. ಮಾವ ಸೌಟನ್ನು ಮರಳಿಸಲು ಒಳಗೆ ಹೋಗಿದ್ದಾಗ ಸೊಸೆ ಪಂಪನ್ನು ಬಿಡಿಸಿ, ತಿರುಗಿಸಿ, ಒಳಮೈಯನ್ನು ಬಟ್ಟೆಯಿಂದ ಒರೆಸಿದಳು. ಬಟ್ಟೆ ಅಲ್ಲೇ ನಿಂತಿತು. ಇರುವೆಯಷ್ಟು ಸಣ್ಣ ಅಂಕಿಗಳಲ್ಲಿ ಒಂಬತ್ತು ವರ್ಷದ ಹಿಂದಿನ ತಾರೀಖು. ಪಕ್ಕದಲ್ಲಿ ಒಂದು ಪುಟ್ಟ ವೃತ್ತ.

ಅವಳು ಈ ಮನೆಗೆ ಬಂದು ಎಂಟು ವರ್ಷವಾಗಿತ್ತು.

ಡಬ್ಬಿಯಿಂದ ಬೆರಳಲ್ಲಿ ಗ್ರೀಸ್ ತೆಗೆದು ಅವಳು ಆ ಜಾಗಕ್ಕೆ ದಪ್ಪಗೆ ಮೆತ್ತಿದಳು.

ಊಟಕ್ಕೆ ಕೂತಾಗ ಅತ್ತೆ ಬಿಡಲಿಲ್ಲ. "ಬಂತಲ್ಲ, ಸಂತೋಷ. ಆದ್ರೆ ಹೇಳ್ತೀನಿ ಕೇಳು, ಇದೆಲ್ಲ ನಿನ್ನ ನಲ್ಲಿ ನೀರಿನ ಮಹಿಮೆ. ಇನ್ನಾದ್ರೂ ಕಾಯಿಸಿ ಆರಿಸಿದ ನೀರು ಹಾಕು."

"ಹಾಕ್ತೀನಿ ಅತ್ತೆ. ಇನ್ನೊಂದು ರೊಟ್ಟಿ ಬಡಿಸ್ಲಾ?"

ಉಳಿದಿದ್ದು ಪಂಪಿನ ಮೈಯಲ್ಲಿ ಮುರಿದು ಕೂತ ಎರಡು ತುಂಡು. ಡ್ರಿಲ್ ಹಾಕಿದರೆ ಮೊನೆ ಗಟ್ಟಿ ಉಕ್ಕಿನಿಂದ ಜಾರಿ ಮೆತ್ತನೆಯ ಅಲ್ಯೂಮಿನಿಯಮ್ಮಿಗೆ ಇಳಿಯುತ್ತದೆ; ಪಂಪು ಅಲ್ಲಿಗೆ ಮುಗಿಯಿತು. ಮಾವ ಒಂದು ಉಪಾಯ ಹೇಳಿದರು. ಗಡಿಯಾರದ ಹಿತ್ತಾಳೆ ತಟ್ಟೆಯಲ್ಲಿ ಉಕ್ಕಿನ ಸ್ಕ್ರೂ ಮುರಿದರೆ ಅವರು ಅದನ್ನು ಕೀಳುತ್ತಲೇ ಇರಲಿಲ್ಲ. ಕ್ಷೌರವಾದ ಮೇಲೆ ಕೆನ್ನೆಗೆ ಉಜ್ಜುವ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ ತಟ್ಟೆಯನ್ನು ಅದರಲ್ಲಿ ಮುಳುಗಿಸಿಡುತ್ತಿದ್ದರು. ಪಟಿಕದ ನೀರು ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯನ್ನು ಮುಟ್ಟುವುದಿಲ್ಲ. ಅಲ್ಯೂಮಿನಿಯಮ್ಮಿಗೂ ಅಷ್ಟು ತೊಂದರೆ ಮಾಡುವುದಿಲ್ಲ.

"ಆದ್ರೆ ಸ್ಟೀಲ್ ಪಾತ್ರೆ ಆಗಲ್ಲ," ಎಂದರು ಮಾವ. "ಪಿಂಗಾಣಿ ಬೇಕು. ಬಾಯಿ ಅಗಲ ಇರ್ಬೇಕು."

ಮೂವರೂ ಒಟ್ಟಿಗೆ ಅಡುಗೆಮನೆಯ ಮೇಲಿನ ಹಲಗೆ ನೋಡಿದರು. ಅಲ್ಲಿ ಅತ್ತೆಯ ಉಪ್ಪಿನಕಾಯಿ ಭರಣಿ ಇತ್ತು. ಅದನ್ನು ಅತ್ತೆಯ ಹೊರತು ಯಾರೂ ತೆರೆಯುತ್ತಿರಲಿಲ್ಲ.

"ಕಣ್ಣು ಕೆಳಗಿಳಿಸಿ," ಎಂದರು ಅತ್ತೆ.

"ಅತ್ತೆ, ಐದೇ ದಿನ..."

"ಐದು ನಿಮಿಷಾನೂ ಇಲ್ಲ. ಸೌಟು ಹೋಯ್ತು, ಮೇಣದಬತ್ತಿ ಹೋಯ್ತು. ನಾಳೆ ನನ್ನನ್ನೂ ಎಣ್ಣೆ ಹಾಕಿ ನೆನೆಸ್ತೀರಿ! ನಿನ್ನ ತಪ್ಪಿಗೆ ನನ್ನ ಭರಣಿ ಯಾಕೆ ಕೊಡ್ಲಿ?"

ಸೊಸೆ ಪಂಪನ್ನು ಎತ್ತಿಕೊಂಡು ಗ್ಯಾರೇಜಿಗೆ ಒಯ್ದಳು. ಒಳಗಿನ ಉಕ್ಕಿನ ದಂಡ, ಬೇರಿಂಗ್ ಎಲ್ಲ ಮೊದಲು ಹೊರಗೆ ಬರಬೇಕಿತ್ತು, ಇಲ್ಲದಿದ್ದರೆ ಪಟಿಕ ಅವನ್ನೂ ತಿನ್ನುತ್ತಿತ್ತು. ಯಜಮಾನ ಒತ್ತುಯಂತ್ರಕ್ಕೆ ಕೊಟ್ಟು ತೆಗೆದುಕೊಟ್ಟ. ಮುರಿಯದ ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, "ನಮ್ಮವರು ಯಾರೂ ಇದನ್ನ ಹೀಗೆ ತೆಗೀತಿರ್ಲಿಲ್ಲ," ಎಂದ. ಹೊಸ ಸೀಲನ್ನು ಹಣವಿಲ್ಲದೆ ಕೊಟ್ಟ.

ಹದಿನಾರನೇ ದಿನ ಸಂಜೆ ಮಾವ ಕಿಟಕಿಯ ಬೆಳಕಿನಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪಂಪಿನ ಒಳಮೈ ಪರೀಕ್ಷಿಸಿದರು. ಸೊಸೆ ಅದನ್ನು ಫಳಫಳ ಹೊಳೆಯುವಂತೆ ತೊಳೆದಿದ್ದಳು. ಒಂದೇ ಒಂದು ಕಡೆ ಬೆರಳಗಲ ಗ್ರೀಸ್ ಉಳಿದಿತ್ತು. ಇಷ್ಟು ಚೊಕ್ಕವಾಗಿ ತೊಳೆದವಳು ಇಲ್ಲಿ ಮಾತ್ರ ಯಾಕೆ ಬಿಟ್ಟಳು? ಅವರು ಹೆಬ್ಬೆರಳಿನಿಂದ ಒರೆಸಿದರು. ತಾರೀಖಿನ ಪಕ್ಕದ ಪುಟ್ಟ ವೃತ್ತ ಭೂತಗನ್ನಡಿಯಲ್ಲಿ ದೊಡ್ಡದಾಗಿ ಕಂಡಿತು.

ಊಟಕ್ಕೆ ಎಲ್ಲರೂ ಕೂತ ಮೇಲೆ ಅವರು ಹೇಳಿದರು: "ಪುಣ್ಯಾತ್ಮ ಸಿಕ್ಕಿದ."

"ಯಾವ ಪುಣ್ಯಾತ್ಮ?" ಎಂದ ಗಂಡ.

"ಗ್ಯಾರೇಜಿನವನು ಅಂದಿದ್ನಂತಲ್ಲ, ಬೋಲ್ಟನ್ನ ಒಣಗಿಸಿ ಹಾಕಿದೋನು. ನಾನೇ."

ಅತ್ತೆಯ ಕೈಯ ಚಮಚ ಪಾತ್ರೆಯ ಮೇಲೇ ನಿಂತಿತು.

ಮಾವ ಮಗನ ಕಡೆ ನೋಡಿದರು. "ನೀನು ಕಾಲು ಮುರ್ಕೊಂಡು ಮಲಗಿದ್ಯಲ್ಲ, ಆ ವರ್ಷ. ಗ್ಯಾರೇಜಿಗೆ ಯಾಕೆ ಕೊಡ್ಬೇಕು ಅಂತ ಪಂಪು ನಾನೇ ಜೋಡಿಸಿದ್ದೆ. ಮರೆತೇಹೋಗಿತ್ತು. ಗಡಿಯಾರದ ಸ್ಕ್ರೂಗೆ ಎಣ್ಣೆ ಮುಟ್ಟಿಸೋ ಹಾಗಿಲ್ಲ, ದೂಳು ಹಿಡಿಯುತ್ತೆ. ಪೆಟ್ರೋಲಲ್ಲಿ ತೊಳೆದು, ಒರೆಸಿ, ಒಣಗಿಸಿ ಹಾಕೋದು ನನ್ನ ಕೈಗೆ ಅಂಟಿದ ಅಭ್ಯಾಸ. ಈ ಏಳೂ ಬೋಲ್ಟನ್ನ ಹಾಗೇ ಹಾಕಿದೀನಿ. ಎಷ್ಟು ಚೊಕ್ಕವಾಗಿ ಹಾಕಿದ್ದೆ ಅಂದ್ರೆ, ಬಿಚ್ಚೋಕೇ ಬರದ ಹಾಗೆ." ಅವರು ಸೊಸೆಯ ಕಡೆ ತಿರುಗಿದರು. "ಮೊನ್ನೆಯೇ ನಿನಗೆ ಗೊತ್ತಾಗಿತ್ತು."

ಅವಳು ತಟ್ಟೆ ನೋಡಿದಳು.

"ಗೊತ್ತಿದ್ದೂ ಎಲ್ಲರ ಕೈಲೂ ಅನ್ನಿಸ್ಕೊಂಡೆಯಾ?" ಗಂಡನ ದನಿ ಏರಿತು. "ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬೋಲ್ಟು ಕರಗ್ತಿತ್ತೇನ್ರೀ?"

ಅತ್ತೆ ಎದ್ದು, ಎಲ್ಲರಿಗಿಂತ ಮೊದಲು ಸೊಸೆಯ ತಟ್ಟೆಗೆ ಬೇಳೆ ಬಡಿಸಿ ಒಳಗೆ ಹೋದರು.

ಮರುದಿನ ಬೆಳಗಿನ ಐದಕ್ಕೆ ಸೊಸೆ ಅಡುಗೆಮನೆಗೆ ಬಂದಾಗ ಭರಣಿ ಖಾಲಿಯಾಗಿ, ತೊಳೆದು, ಒಲೆಯ ಪಕ್ಕ ಬೋರಲು ಬಿದ್ದಿತ್ತು. ಉಪ್ಪಿನಕಾಯಿಯನ್ನೆಲ್ಲ ಅತ್ತೆ ಊಟದ ಡಬ್ಬಿಗಳ ಜೊತೆ ಸೇರಿಸುತ್ತಿದ್ದರು.

"ಅತ್ತೆ, ಇದು ಮನೆಯವರಿಗೇ ಎಣಿಸಿ ಕೊಡೋದಲ್ವಾ?"

"ಬೇರೆ ಎಲ್ಲಿ ಸುರೀಲಿ? ನಿನ್ನ ಮಾವನ ತಲೆ ಮೇಲಾ? ನೋಡ್ತಾ ನಿಲ್ಬೇಡ, ಪಟಿಕ ಕುಟ್ಟು."

ಭರಣಿಯಲ್ಲಿ ಪಟಿಕದ ನೀರು, ಅದರಲ್ಲಿ ಮುಳುಗಿದ ಪಂಪು, ಭರಣಿಯ ಸುತ್ತ ದೊಡ್ಡ ಪಾತ್ರೆಯ ಬಿಸಿನೀರು: ಐದು ದಿನ ಹಿಂದಿನ ಒಲೆಯ ಮೇಲೆ ಅದು ಸಣ್ಣ ಉರಿಯಲ್ಲಿ ಕೂತಿತ್ತು. ಮುರಿದ ತುಂಡುಗಳ ಮೇಲಿಂದ ಸಾಸಿವೆಯಂಥ ಗುಳ್ಳೆಗಳು ಬಿಡದೆ ಮೇಲೇಳುತ್ತಿದ್ದವು. ಸೊಸೆ ಗುಡ್ಡಕ್ಕೆ ಹೋದಾಗ ಉರಿ ನೋಡಿಕೊಂಡವರು ಅತ್ತೆ. ನೀರು ಕಪ್ಪಾದರೆ ಬದಲಾಯಿಸಿದವರೂ ಅವರೇ. ಮಾವ ಮುಚ್ಚಳ ಎತ್ತಲು ಬಂದರೆ ಗದರುತ್ತಿದ್ದರು: "ಗಳಿಗೆಗೊಮ್ಮೆ ತೆಗೀಬೇಡ್ರೀ, ಬೇಯ್ಲಿ!"

ಐದನೇ ಸಂಜೆ ಸೊಸೆ ಪಂಪನ್ನು ತೊಳೆದು ಹಲ್ಲುಜ್ಜುವ ಬ್ರಷ್ಷಿನಿಂದ ತೂತುಗಳನ್ನು ತಿಕ್ಕಿದಳು. ಕಪ್ಪು ಕೆಸರು ಬಂತು, ಅದರ ಹಿಂದೆ ಬೆಳಕು ಬಂತು. ಹೊಸ ಬೋಲ್ಟನ್ನು ಬರಿಗೈಯಲ್ಲಿ ತಿರುಗಿಸಿದಳು. ಕೊನೆಯವರೆಗೂ ಸಲೀಸಾಗಿ ಇಳಿಯಿತು.

ಗ್ಯಾರೇಜಿನಲ್ಲಿ ದಂಡ, ಬೇರಿಂಗ್, ಹೊಸ ಸೀಲನ್ನು ಕೂರಿಸಿ ತಂದಾಯಿತು. ಜೋಡಿಸುವ ದಿನ ಅವಳು ಬೋಲ್ಟುಗಳಿಗೆ ಗ್ರೀಸ್ ಸವರಿ ಒಂದೊಂದೇ ಮಾವನ ಕೈಗಿಟ್ಟಳು. ಅವರ ಇನ್ನೊಂದು ಕೈ ತಾನಾಗಿ ಬಟ್ಟೆ ಹುಡುಕಿ ಗ್ರೀಸ್ ಒರೆಸಲು ಹೊರಟಿತು.

"ಮಾವ!"

"ಅಯ್ಯೋ, ನಾನಲ್ಲಮ್ಮ, ಈ ಕೈ!" ಎಂದು ಅವರು ಬಟ್ಟೆಯನ್ನು ಕಿಟಕಿಯಾಚೆ ಎಸೆದರು. ಆಮೇಲೆ, "ಮುಚ್ಚೋ ಮುಂಚೆ ಅರ್ಧ ಗಂಟೆ ಪಂಪು ನನಗೆ ಕೊಡು," ಎಂದು ಹಳೆಯ ಕೆಲಸದ ಮೇಜಿಗೆ ಒಯ್ದರು.

ಇಪ್ಪತ್ತನಾಲ್ಕನೇ ದಿನ ನಾಲ್ವರೂ ಜೀಪಿನಲ್ಲಿ ಹೊರಟರು. ಗಂಡ ರಜೆ ಹಾಕಿದ್ದ. ಹಿಂದೆ ಪಾತ್ರೆಗಳ ನಡುವೆ ಅತ್ತೆ ಒಂದು ಕೈಯಲ್ಲಿ ಬೇಳೆ ಪಾತ್ರೆ, ಇನ್ನೊಂದರಲ್ಲಿ ಮಗನ ಹೆಗಲು ಹಿಡಿದು ಕೂತಿದ್ದರು. ಮುಂದೆ ಮಾವ ಬಿಸಿ ತೋರಿಸುವ ಮುಳ್ಳಿನ ಮೇಲೇ ಕಣ್ಣಿಟ್ಟಿದ್ದರು. ಒಂದನೇ ತಿರುವು. ಎರಡನೆಯದು. ಮೂರನೆಯದರಲ್ಲಿ ಸೊಸೆ ಗೇರು ಇಳಿಸಿದಳು. ಚಕ್ರಗಳು ಬಂಡೆ ಕಚ್ಚಿದವು. ಮುಳ್ಳು ನಡುವಿನ ಗೆರೆಯ ಮೇಲೆ ನಿಂತಿತು, ಅಲುಗಲಿಲ್ಲ.

ಹನ್ನೆರಡೂಕಾಲಿಗೆ ಊಟ ನೆತ್ತಿ ತಲುಪಿತು. ಮೇಸ್ತ್ರಿ ಗಡಿಯಾರ ನೋಡಿದ, ಅನ್ನದಿಂದ ಏಳುತ್ತಿದ್ದ ಹಬೆ ನೋಡಿದ. "ಪೊಟ್ಟಣದವರಿಗೆ ಬೇಡ ಅಂತ ಹೇಳ್ಕಳಿಸ್ತೀನಿ," ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಆವತ್ತು ಒಂದು ದಿನ ಉಪ್ಪಿನಕಾಯಿ ಬಂದಿತ್ತಲ್ಲ ಡ್ರೈವರಮ್ಮ, ಅದು ಮತ್ತೆ ಬರಲ್ವಾ?"

"ಅದು ಬೇಕಾದ್ರೆ ಹೊಸ ಭರಣಿ ಬೇಕು," ಅತ್ತೆ ಹಿಂದಿನಿಂದ ಹೇಳಿದರು. "ಹಳೇದು ಜೀಪಿನ ಪಾಲಾಯ್ತು."

ಎಲ್ಲರಿಗೂ ಬಡಿಸಿದ ಮೇಲೆ ನಾಲ್ವರೂ ಜೀಪಿನ ನೆರಳಲ್ಲಿ ಕೂತರು.

"ಆವತ್ತು ಪಂಪಿನೊಳಗೆ ಅಷ್ಟು ಹೊತ್ತು ಏನ್ರೀ ಗೀಚಿದ್ದು?" ಎಂದು ಅತ್ತೆ ಕೇಳಿದರು.

"ತಾರೀಖು."

"ತಾರೀಖಿಗೆ ಅರ್ಧ ಗಂಟೆ ಬೇಕಾ?"

"ಕೈ ನಡುಗುತ್ತಲ್ಲೇ."

ಸೊಸೆ ಮಾವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಪಂಪನ್ನು ಇಂಜಿನ್ನಿಗೆ ಕೂರಿಸುವ ಮೊದಲು ಅವಳು ಅದನ್ನು ಓದಿದ್ದಳು. ಹಳೆಯ ತಾರೀಖಿನ ಕೆಳಗೆ ಹೊಸದು, ಪಕ್ಕದಲ್ಲಿ ಒಂದಲ್ಲ, ಎರಡು ವೃತ್ತ, ಅದರ ಕೆಳಗೆ ಸೊಟ್ಟಂಬಟ್ಟ ಅಕ್ಷರಗಳಲ್ಲಿ, "ಗ್ರೀಸ್ ಹಾಕಿದೆ. ಬಿಚ್ಚಿದವಳು, ಜೋಡಿಸಿದವಳು ನನ್ನ ಸೊಸೆ." ಈ ಸಲ ಅವಳು ಅದರ ಮೇಲೆ ಏನೂ ಮೆತ್ತಿರಲಿಲ್ಲ.